ಲೋಟದಲ್ಲೇ ಕೆಲಸ ಮುಗಿಸಿದ ಕ್ಯಾಪ್ಸೂಲು: ಒಂದು ಲೈಪೇಸ್ ಪ್ರಕರಣ

ಚಿಕ್ಕಮ್ಮ ಫೋನ್ ಮಾಡಿದ್ದು ಹಾಲಿನ ವಿಷಯಕ್ಕೆ.

"ನೋಡಪ್ಪ, ನೀನು ಕಾಲೇಜಲ್ಲಿ ಇದನ್ನೇ ಪಾಠ ಮಾಡ್ತೀಯಲ್ಲ, ಒಂದು ಮಾತು ಹೇಳು. ನಿಮ್ಮ ಚಿಕ್ಕಪ್ಪನ ಕ್ಯಾಪ್ಸೂಲು ಬಿಚ್ಚಿ ಹಾಲಿಗೆ ಹಾಕಿದ್ರೆ ಹಾಲು ಯಾಕೆ ಕಮಟು ವಾಸನೆ ಬರುತ್ತೆ? ಹಳೇ ಬೆಣ್ಣೆ ವಾಸನೆ. ಪ್ಯಾಕೆಟ್ ಹಾಲು ಬಿಟ್ಟು ಬೇರೆ ಹಾಲು ತರಿಸಿದೆ. ಆದ್ರೂ ಅದೇ."

ಯಾವ ಕ್ಯಾಪ್ಸೂಲು ಎಂದು ಕೇಳಿದೆ. "ಅದೇ, ಜೀರ್ಣಕ್ಕೆ ಅಂತ ಕೊಟ್ಟಿದ್ದಾರಲ್ಲ. ಒಳಗೆ ರಾಗಿ ಕಾಳಿನ ಥರ ಸಣ್ಣ ಉಂಡೆ ಇರುತ್ತೆ. ಇಡೀದು ನುಂಗೋಕಾಗಲ್ಲ ಅಂತಾರೆ. ಅದಕ್ಕೆ ಬಿಚ್ಚಿ, ಉಗುರು ಬೆಚ್ಚಗಿನ ಹಾಲಲ್ಲಿ ಕದಡಿ ಕೊಡ್ತೀನಿ."

ಎಷ್ಟು ದಿನದಿಂದ ಹೀಗೆ? ಐದು ತಿಂಗಳು.

ನಾನು ಒಂದು ಕ್ಷಣ ಸುಮ್ಮನಾದೆ. ಆ ಐದು ತಿಂಗಳಲ್ಲಿ ಚಿಕ್ಕಪ್ಪನ ತೂಕ ಒಂದು ಕಿಲೋ ಕೂಡ ಏರಿರಲಿಲ್ಲ. "ಮಾತ್ರೆ ನನ್ನ ಮೈಗೆ ಹಿಡಿಯಲ್ಲ ಬಿಡು" ಎಂದು ಅವರು ಕೈಚೆಲ್ಲಿದ್ದರು. ಮಾತ್ರೆಯೊಳಗಿದ್ದ ಲೈಪೇಸ್, ಅಂದರೆ ಕೊಬ್ಬು ಜೀರ್ಣಿಸುವ ಕಿಣ್ವ (ಎನ್‌ಜೈಮ್), ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಆ ಕೆಲಸ ಲೋಟದಲ್ಲಿ ನಡೆಯುತ್ತಿತ್ತು, ಹೊಟ್ಟೆಯಲ್ಲಿ ಅಲ್ಲ.

ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಆಸ್ಪತ್ರೆ, ಔಷಧಿ ಅಂಗಡಿ, ವೈದ್ಯರು ಯಾರ ಹೆಸರೂ ಇಲ್ಲಿ ಬೇಡ.

ಹಿನ್ನೆಲೆ

ಚಿಕ್ಕಪ್ಪನಿಗೆ ಆಗ 46 ವರ್ಷ. ತಿಪಟೂರಿನ ಕಡೆ ತೆಂಗಿನ ತೋಟ, ಜೊತೆಗೆ ಕೊಬ್ಬರಿ ವ್ಯಾಪಾರ. ಕುಡಿತವಿಲ್ಲ, ಬೀಡಿಯಿಲ್ಲ. ಹರೆಯದಿಂದಲೂ ಅವರಿಗೆ ಆಗಾಗ ಹೊಟ್ಟೆನೋವು. ಮೇಲುಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ತಿವಿಯುತ್ತಿತ್ತು. ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಹಾಯೆನಿಸುತ್ತಿತ್ತು. ಊರಿನಲ್ಲಿ ಇದಕ್ಕೆಲ್ಲ ಇರುವುದು ಒಂದೇ ಹೆಸರು, "ಗ್ಯಾಸ್ಟ್ರಿಕ್". ಇಪ್ಪತ್ತು ವರ್ಷ ಅದೇ ಹೆಸರಿನಲ್ಲಿ ಮಾತ್ರೆ ನುಂಗಿದರು.

ಆಮೇಲೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ತೂಕ ಇಳಿಯತೊಡಗಿತು. 64 ಕಿಲೋ ಇದ್ದವರು 14 ತಿಂಗಳಲ್ಲಿ 51ಕ್ಕೆ ಬಂದರು. ಶುಗರ್ ಬಂದರೆ ಸೊರಗುವುದು ಸಹಜ ಅಲ್ವಾ ಎಂದು ಎಲ್ಲರೂ ಅಂದುಕೊಂಡರು, ನಾನೂ ಸೇರಿ. ಜೀವರಸಾಯನಶಾಸ್ತ್ರ ಪಾಠ ಮಾಡುವವನು ಎಂಬ ಹೆಸರು ಮಾತ್ರ ನನ್ನದು.

ನಿಜವಾದ ಸುಳಿವು ಕಕ್ಕಸಿನಲ್ಲಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ನಮ್ಮ ಜನ ಎದೆನೋವು ಹೇಳಿಕೊಳ್ಳುತ್ತಾರೆ, ಸಾಲವನ್ನೂ ಹೇಳಿಕೊಳ್ಳುತ್ತಾರೆ, ಮಲದ ಬಗ್ಗೆ ಬಾಯಿ ಬಿಡುವುದಿಲ್ಲ. ಕೊನೆಗೆ ಒಂದು ದಿನ ನಮ್ಮಪ್ಪನ ಹತ್ತಿರ ಹೇಳಿದರಂತೆ: "ಎಷ್ಟು ಬಕೆಟ್ ನೀರು ಹಾಕಿದ್ರೂ ಹೋಗಲ್ಲ ಕಣಣ್ಣ. ತೇಲುತ್ತೆ. ನೀರ ಮೇಲೆ ಎಣ್ಣೆ ಹನಿ ಕಾಣುತ್ತೆ. ನಾತ ಅಂದ್ರೆ ನಾತ." ಇನ್ನೊಂದು ವಿಷಯವೂ ಆಗಲೇ ಹೊರಬಿತ್ತು. ಸಂಜೆ ಕತ್ತಲಾಗುತ್ತಿದ್ದಂತೆ ತೋಟದಲ್ಲಿ ಎಡವುತ್ತಿದ್ದರು. ದಾರಿ ಕಾಣುತ್ತಿರಲಿಲ್ಲ.

ತೇಲುವ ಜಿಡ್ಡು ಮಲ, ಇಳಿಯುವ ತೂಕ, ಮಬ್ಬಾಗುವ ಇರುಳುಗಣ್ಣು. ಈ ಮೂರನ್ನೂ ಒಟ್ಟಿಗೆ ಕೇಳಿಸಿಕೊಂಡ ವೈದ್ಯರು ತಡ ಮಾಡಲಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಮೇದೋಜೀರಕ ಗ್ರಂಥಿಯ ತುಂಬ ಕಲ್ಲುಗಳು ಕಂಡವು. ಅದರ ನಾಳ ಉಬ್ಬಿತ್ತು, ಗ್ರಂಥಿ ಸೊರಗಿತ್ತು. ಮಲದಲ್ಲಿ ಎಲಾಸ್ಟೇಸ್ ಎಂಬ ಕಿಣ್ವದ ಪರೀಕ್ಷೆ ಮಾಡಿಸಿದರು. ಗ್ರಾಂಗೆ 200 ಮೈಕ್ರೋಗ್ರಾಂಗಿಂತ ಹೆಚ್ಚಿದ್ದರೆ ಸರಿ, 100ಕ್ಕಿಂತ ಕಡಿಮೆಯಾದರೆ ಗ್ರಂಥಿ ತೀರಾ ಸೋತಿದೆ ಎಂದು ಲೆಕ್ಕ. ಚಿಕ್ಕಪ್ಪನದು 38. ಗ್ರಂಥಿ ಕೊಡದ ಕಿಣ್ವವನ್ನು ಹೊರಗಿನಿಂದ ಕೊಡಲು ಬಂದದ್ದೇ ಆ ಕ್ಯಾಪ್ಸೂಲು.

"ಕುಡಿಯದವನಿಗೆ ಇದು ಹೇಗೆ ಬಂತು" ಎಂದು ಬೀದಿಯಲ್ಲಿ ಗುಸುಗುಸು ಆಯಿತು. ಚಿಕ್ಕಮ್ಮನಿಗೆ ಕಾಯಿಲೆಗಿಂತ ಇದೇ ಜಾಸ್ತಿ ನೋವು ಕೊಟ್ಟಿತು. ಕುಡಿಯದವರಿಗೂ, ಎಳೆಯ ವಯಸ್ಸಿನವರಿಗೂ ಮೇದೋಜೀರಕದಲ್ಲಿ ಕಲ್ಲು ಕಟ್ಟುವ ಒಂದು ಬಗೆಯ ಕಾಯಿಲೆ ದಕ್ಷಿಣ ಭಾರತಕ್ಕೆ ಹಳೆಯದು. 1960ರ ದಶಕದಲ್ಲೇ ಕೇರಳದ ಡಾ. ಪಿ. ಜೆ. ಗೀವರ್ಗೀಸ್ ಇಂಥ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ನೋಡಿ ದಾಖಲಿಸಿದ್ದರು. ಮೊದಲು ಮರಗೆಣಸಿನ ಮೇಲೆ ಅನುಮಾನ ಬಿತ್ತು. ಅದು ಗಟ್ಟಿಯಾಗಿ ನಿಲ್ಲಲಿಲ್ಲ. ಈಚೆಗೆ ಸ್ಪಿಂಕ್1 ಎಂಬ ಜೀನಿನ ಒಂದು ಬದಲಾವಣೆ ಇಂಥ ಹಲವರಲ್ಲಿ ಸಿಕ್ಕಿದೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಚಿಕ್ಕಮ್ಮನ ಕೈಗೆ ಕೊಟ್ಟೆ. ಅವರು ಅದನ್ನು ಓದಿದರೋ ಇಲ್ಲವೋ, ಪಕ್ಕದ ಮನೆಯವರಿಗಂತೂ ತೋರಿಸಿದರು.

ಸಾರಿನ ಮೇಲಿನ ಎಣ್ಣೆ

ಮೇದೋಜೀರಕ ಗ್ರಂಥಿ ಹಿಟ್ಟಿನ ಅಂಶ ಜೀರ್ಣಿಸುವ ಕಿಣ್ವವನ್ನೂ, ಬೇಳೆ-ಕಾಳಿನ ಪ್ರೋಟೀನು ಜೀರ್ಣಿಸುವ ಕಿಣ್ವಗಳನ್ನೂ, ಕೊಬ್ಬು ಜೀರ್ಣಿಸುವ ಲೈಪೇಸನ್ನೂ ಕಳಿಸುತ್ತದೆ. ಗ್ರಂಥಿ ಸೋತಾಗ ಮೂರೂ ಕಡಿಮೆಯಾಗುತ್ತವೆ. ಆದರೆ ಮೊದಲು ಕಾಣಿಸಿಕೊಳ್ಳುವುದು ಕೊಬ್ಬಿನ ತೊಂದರೆ. ಹಿಟ್ಟಿಗೆ ಬಾಯಿಯ ಜೊಲ್ಲಿನಲ್ಲೂ ಕಿಣ್ವವಿದೆ. ಪ್ರೋಟೀನಿಗೆ ಜಠರದಲ್ಲಿ ಪೆಪ್ಸಿನ್ ಇದೆ, ಕರುಳಿನ ಗೋಡೆಯಲ್ಲೂ ಕಿಣ್ವಗಳಿವೆ. ಕೊಬ್ಬಿಗೆ ಜಠರದಲ್ಲಿ ಒಂದು ಪುಟ್ಟ ಲೈಪೇಸ್ ಇದೆ ನಿಜ, ಒಟ್ಟು ಕೆಲಸದಲ್ಲಿ ಅದರ ಪಾಲು ಶೇ. 10ರಿಂದ 30ರಷ್ಟು. ಉಳಿದ ಭಾರವೆಲ್ಲ ಮೇದೋಜೀರಕದ್ದೇ.

ಇದು ಗೊತ್ತಾದ ಕಥೆ ಸೊಗಸಾಗಿದೆ. 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಕ್ಲಾಡ್ ಬರ್ನಾರ್ಡ್ ಎಂಬ ಶರೀರವಿಜ್ಞಾನಿ ಮೊಲಗಳನ್ನು ಕೊಯ್ದು ನೋಡುತ್ತಿದ್ದ. ಮೊಲದ ದೇಹದಲ್ಲಿ ಒಂದು ಅನುಕೂಲವಿದೆ. ಪಿತ್ತನಾಳ ಕರುಳಿಗೆ ಸೇರುವ ಜಾಗದಿಂದ ಬಹಳ ಕೆಳಗೆ ಮೇದೋಜೀರಕದ ನಾಳ ಸೇರುತ್ತದೆ. ಕೊಬ್ಬು ತಿಂದ ಮೊಲದ ಕರುಳಿನಿಂದ ಹೊರಡುವ ಸಣ್ಣ ನಾಳಗಳು ಹಾಲಿನಂತೆ ಬಿಳಿಯಾಗುತ್ತವೆ. ಹಾಗೆ ಬಿಳಿಯಾಗುತ್ತಿದ್ದದ್ದು ಎರಡನೇ ನಾಳ ಸೇರಿದ ಮೇಲೆಯೇ. ಬರೀ ಪಿತ್ತದಿಂದ ಕೊಬ್ಬು ಒಳಗೆ ಹೋಗುತ್ತಿರಲಿಲ್ಲ ಎಂಬುದನ್ನು ಮೊಲವೇ ತೋರಿಸಿಕೊಟ್ಟಿತು.

ಈಗ ಲೈಪೇಸ್‌ನ ಕಷ್ಟ ಏನು ನೋಡಿ. ಒಗ್ಗರಣೆ ಹಾಕಿದ ಸಾರನ್ನು ನೆನೆಸಿಕೊಳ್ಳಿ. ಮೇಲೆ ಎಣ್ಣೆ ಹೊಳೆಯುತ್ತಾ ತೇಲುತ್ತದೆ. ಎಷ್ಟು ಕದಡಿದರೂ ಮತ್ತೆ ಬೇರೆಯಾಗುತ್ತದೆ. ನಮ್ಮ ಕರುಳು ಕೂಡ ಒಂದು ನೀರಿನ ಜಾಗವೇ. ಕಿಣ್ವ ನೀರಿನಲ್ಲಿ ಕರಗಿರುತ್ತದೆ. ಅದು ಕತ್ತರಿಸಬೇಕಾದ ಕೊಬ್ಬು ಎಣ್ಣೆಯೊಳಗಿದೆ. ನೀರಿನವನು ಎಣ್ಣೆಯೊಳಗೆ ಹೋಗಲಾರ, ಎಣ್ಣೆಯವನು ನೀರಿಗೆ ಬರಲಾರ. ಇಬ್ಬರೂ ಸಿಗುವುದು ಅಂಚಿನಲ್ಲಿ ಮಾತ್ರ, ಹನಿಯ ಹೊರಮೈ ಮೇಲೆ.

ಹಾಗಾಗಿ ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಅದರ ಹೊರಮೈ ಎಷ್ಟಿದೆ ಎಂಬುದು ಮುಖ್ಯವಾಗುತ್ತದೆ. ಕ್ಲಾಸಿನಲ್ಲಿ ನಾನು ಒಂದು ಲೆಕ್ಕ ಮಾಡಿಸುತ್ತೇನೆ. ಒಂದು ಟೀ ಚಮಚ, ಅಂದರೆ 5 ಮಿಲಿ ಎಣ್ಣೆ ಒಂದೇ ಗುಂಡು ಹನಿಯಾಗಿದ್ದರೆ ಅದರ ಹೊರಮೈ ಸುಮಾರು 14 ಚದರ ಸೆಂಟಿಮೀಟರ್. ಅದೇ ಎಣ್ಣೆಯನ್ನು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ಅಗಲದ ಹನಿಗಳಾಗಿ ಒಡೆದರೆ 30 ಚದರ ಮೀಟರ್. ಅಂದರೆ 320 ಚದರಡಿ, ನಮ್ಮ ಮನೆಯ ಹಾಲ್‌ಗಿಂತ ದೊಡ್ಡದು. ಜಠರ ಕಡೆಯುವುದು, ಪಿತ್ತರಸ ಸೋಪಿನಂತೆ ಹನಿಗಳನ್ನು ಬಿಡಿಬಿಡಿಯಾಗಿ ಇಡುವುದು, ಎಲ್ಲವೂ ಈ ನೆಲ ಹಾಸಿಕೊಡುವುದಕ್ಕೇ.

ಮುಚ್ಚಳವಿರುವ ಕಿಣ್ವ

ಅಂಚು ಸಿಕ್ಕಿದರೆ ಮಾತ್ರ ಲೈಪೇಸ್ ಚುರುಕಾಗುತ್ತದೆ ಎಂದು 1958ರಲ್ಲಿ ಫ್ರಾನ್ಸಿನ ಸಾರ್ಡಾ ಮತ್ತು ಡೆನ್ಯುಯೆಲ್ ತೋರಿಸಿದರು. ನೀರಿನಲ್ಲಿ ಪೂರ್ತಿ ಕರಗಿರುವ ಕೊಬ್ಬಿನಂಥ ವಸ್ತು ಕೊಟ್ಟರೆ ಕಿಣ್ವ ತೂಕಡಿಸುತ್ತಿತ್ತು. ಅದೇ ವಸ್ತುವನ್ನು ಕರಗುವ ಮಿತಿ ಮೀರಿ ಹಾಕಿ, ಅದು ಹನಿಗಟ್ಟಿದ ಕೂಡಲೇ ಕೆಲಸ ಏರುತ್ತಿತ್ತು. ಸಾಮಾನ್ಯ ಕಿಣ್ವಗಳ ನಡತೆ ಹೀಗಿರುವುದಿಲ್ಲ. ಇದಕ್ಕೆ ಕಾರಣ ಕಣ್ಣಿಗೆ ಕಂಡದ್ದು 1990ರಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವಿಂಕ್ಲರ್, ಡಾರ್ಸಿ, ಹುನ್‌ಜಿಕರ್ ಮೂವರು ಮನುಷ್ಯನ ಮೇದೋಜೀರಕ ಲೈಪೇಸ್‌ನ ಹರಳು ಬೆಳೆಸಿ, ಎಕ್ಸ್‌ರೇ ಹಾಯಿಸಿ, ಅದರ ಆಕಾರ ಬಿಡಿಸಿದರು.

ಲೈಪೇಸ್ ಎಂದರೆ 449 ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಒಂದೇ ಸರ. ಅದು ಮಡಚಿಕೊಂಡು ಎರಡು ಭಾಗವಾಗಿ ನಿಂತಿದೆ. ಸರದ ಮೊದಲ 336 ಮಣಿಗಳು ದೊಡ್ಡ ಭಾಗ, ಉಳಿದವು ಚಿಕ್ಕ ಭಾಗ. ಕತ್ತರಿಸುವ ಕೆಲಸ ದೊಡ್ಡದರಲ್ಲಿ. ಅಲ್ಲಿ ಮೂರು ಅಮೈನೋ ಆಮ್ಲಗಳು ಒಂದಕ್ಕೊಂದು ಕೈಗೆಟುಕುವಂತೆ ಕೂತಿವೆ: 152ನೇ ಸೆರಿನ್, 176ನೇ ಆಸ್ಪಾರ್ಟಿಕ್ ಆಮ್ಲ, 263ನೇ ಹಿಸ್ಟಿಡಿನ್. ಸರದಲ್ಲಿ ದೂರದೂರ ಇದ್ದವು ಮಡಿಕೆಯಿಂದಾಗಿ ಪಕ್ಕಪಕ್ಕ ಬಂದಿವೆ. ಕೊಬ್ಬನ್ನು ಕಡಿಯುವುದು ಸೆರಿನ್. ಉಳಿದೆರಡು ಅದನ್ನು ಕೆಲಸಕ್ಕೆ ಹುರಿಗೊಳಿಸುತ್ತವೆ. ಪ್ರೋಟೀನು ಕಡಿಯುವ ಟ್ರಿಪ್ಸಿನ್‌ನಲ್ಲೂ ಇದೇ ಮೂವರ ಕೂಟ ಇದೆ. ಆದರೆ ಮೈಕಟ್ಟು ಪೂರಾ ಬೇರೆ.

ಬಾಸೆಲ್‌ನವರು ಕಂಡ ವಿಚಿತ್ರ ಇದು: ಕತ್ತರಿಸುವ ಜಾಗದ ಮೇಲೆ ಮುಚ್ಚಳವಿತ್ತು. 237ನೇ ಮಣಿಯಿಂದ 261ನೇ ಮಣಿವರೆಗಿನ ಒಂದು ಕುಣಿಕೆ ಸೆರಿನ್‌ನ ಮೇಲೆ ಮಡಚಿಕೊಂಡಿತ್ತು. ಎರಡು ತುದಿಯಲ್ಲೂ ಸಿಸ್ಟೀನ್ ಎಂಬ ಅಮೈನೋ ಆಮ್ಲ, ಅವೆರಡರ ನಡುವೆ ಗಂಧಕದ ಬೆಸುಗೆ. ಬುಟ್ಟಿಯ ಮುಚ್ಚಳಕ್ಕೆ ಹುರಿ ಕಟ್ಟಿದ ಹಾಗೆ. ಇಷ್ಟು ಚೆನ್ನಾಗಿ ಮುಚ್ಚಿದ್ದರೆ ಕೊಬ್ಬು ಒಳಗೆ ಹೋಗುವುದೆಲ್ಲಿ?

ಎರಡೇ ವರ್ಷದಲ್ಲಿ ಫ್ರಾನ್ಸಿನ ಮಾರ್ಸೇಯ ತಂಡವೊಂದು, ಫಾನ್ ಟಿಲ್‌ಬರ್ಗ್ ಮತ್ತು ಸಂಗಡಿಗರು, ಲೈಪೇಸ್ ಅನ್ನು ಅದರ ಜೊತೆಗಾರ ಪ್ರೋಟೀನಿನ ಸಮೇತ ಹರಳಾಗಿಸಿದರು. 1993ರಲ್ಲಿ ಪಿತ್ತದ ಲವಣ, ಜಿಡ್ಡು ಸೇರಿಸಿ ಮತ್ತೊಮ್ಮೆ ನೋಡಿದಾಗ ಮುಚ್ಚಳ ತೆರೆದಿತ್ತು. ಅದರ ಒಂದು ಭಾಗ ಸುಮಾರು 29 ಆಂಗ್‌ಸ್ಟ್ರಾಮ್ ದೂರ ಸರಿದಿತ್ತು. ಒಂದು ಮಿಲಿಮೀಟರನ್ನು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್. ನಮಗೆ ಅದು ಏನೂ ಅಲ್ಲ. ಒಂದು ಪ್ರೋಟೀನಿನೊಳಗೆ ಅಷ್ಟು ದೂರ ಎಂದರೆ ಬಾಗಿಲು ಹಾರು ಹೊಡೆದ ಹಾಗೆ.

ಮುಚ್ಚಳ ಯಾಕಿದೆ ಎಂಬುದಕ್ಕೂ ಅಲ್ಲೇ ಉತ್ತರ ಇತ್ತು. ತೆರೆದಾಗ ಹೊರಬೀಳುವ ಮೈ ನೀರನ್ನು ಒಲ್ಲದ್ದು, ಜಿಡ್ಡನ್ನು ಹಚ್ಚಿಕೊಳ್ಳುವಂಥದ್ದು. ಅಂಥ ಮೈಯನ್ನು ಬಿಚ್ಚಿಟ್ಟುಕೊಂಡು ನೀರಿನಲ್ಲಿ ತಿರುಗುವುದು ಪ್ರೋಟೀನಿಗೆ ಕಷ್ಟ. ಹಾಗಾಗಿ ನೀರಿನಲ್ಲಿರುವಾಗ ಮುಚ್ಚಿಕೊಂಡಿರುತ್ತದೆ. ಎಣ್ಣೆಯ ಅಂಚು ತಗುಲಿದಾಗ ತೆರೆದು, ಆ ಜಿಡ್ಡು ಮೈಯಿಂದಲೇ ಹನಿಗೆ ಅಂಟಿಕೊಳ್ಳುತ್ತದೆ. ಮುಚ್ಚಳವೇ ತೆರೆದುಕೊಂಡು ಹಿಡಿಕೆಯೂ ಆಗುವ ಈ ಏರ್ಪಾಡು ನನಗೆ ಇವತ್ತಿಗೂ ಬೆರಗು.

ಜೊತೆಗಾರ ಎಂದೆನಲ್ಲ, ಅದರ ಹೆಸರು ಕೊಲೈಪೇಸ್. ಲೈಪೇಸ್‌ನ ಐದರಲ್ಲೊಂದು ಪಾಲು ತೂಕದ ಪುಟ್ಟ ಪ್ರೋಟೀನು. ಇದು ಬೇಕಾಗಿರುವುದು ಪಿತ್ತದಿಂದಾಗಿ. ಪಿತ್ತದ ಲವಣಗಳು ಹನಿಗಳನ್ನು ಒಡೆದು ನೆಲವೇನೋ ಹಾಸಿಕೊಡುತ್ತವೆ, ಆದರೆ ಆಮೇಲೆ ತಾವೇ ಆ ನೆಲದ ಮೇಲೆ ಹರಡಿ ಕೂರುತ್ತವೆ. ಬಂದ ಲೈಪೇಸ್ ಅನ್ನು ಆಚೆ ತಳ್ಳುತ್ತವೆ. ಕೊಲೈಪೇಸ್ ಒಂದು ಕಡೆ ಲೈಪೇಸ್‌ನ ಚಿಕ್ಕ ಭಾಗವನ್ನು ಹಿಡಿದು, ಇನ್ನೊಂದು ಕಡೆ ಹನಿಯನ್ನು ಹಿಡಿದು ಲಂಗರು ಹಾಕುತ್ತದೆ. ತುಂಬಿದ ಬಸ್ಸಿನಲ್ಲಿ ಮೊದಲು ಹತ್ತಿದವನು ಕೈ ಕೊಟ್ಟು ಎಳೆದುಕೊಂಡ ಹಾಗೆ.

ಅಂಟಿಕೊಂಡ ಮೇಲೆ ಕೆಲಸ ಸರಳ. ಕೊಬ್ಬಿನ ಅಣು ಎಂದರೆ ಒಂದು ಗ್ಲಿಸರಾಲ್ ಬೆನ್ನಿಗೆ ಜೋತುಬಿದ್ದ ಮೂರು ಕೊಬ್ಬಿನಾಮ್ಲದ ಬಾಲಗಳು. ಲೈಪೇಸ್ ಎರಡು ಕೊನೆಯ ಬಾಲಗಳನ್ನು ಕತ್ತರಿಸುತ್ತದೆ, ನಡುವಿನದನ್ನು ಬಿಡುತ್ತದೆ. ಸಿಕ್ಕ ತುಂಡುಗಳನ್ನು ಪಿತ್ತ ಹೊತ್ತು ಕರುಳಿನ ಗೋಡೆಗೆ ಮುಟ್ಟಿಸುತ್ತದೆ. ಎ, ಡಿ, ಇ, ಕೆ ವಿಟಮಿನ್‌ಗಳೂ ಇದೇ ಗಾಡಿಯಲ್ಲಿ ಹೋಗಬೇಕು. ಗಾಡಿ ಹೊರಡದಿದ್ದರೆ ಎ ವಿಟಮಿನ್ ಕರುಳಲ್ಲೇ ಉಳಿಯುತ್ತದೆ. ಚಿಕ್ಕಪ್ಪ ತೋಟದಲ್ಲಿ ಎಡವಿದ್ದು ಇದಕ್ಕೇ.

ಇಪ್ಪತ್ತು ವರ್ಷ ಹೊಟ್ಟೆನೋವು ಇದ್ದರೂ ಎಣ್ಣೆ ಮಲ ಕಾಣಿಸಿಕೊಂಡದ್ದು ಈಚೆಗೆ ಯಾಕೆ? ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಡಿಮ್ಯಾಗ್ನೊ ಮತ್ತು ಸಂಗಡಿಗರು 1973ರಲ್ಲಿ ಇದನ್ನು ಅಳೆದರು. ಲೈಪೇಸ್ ಸುರಿಯುವ ಪ್ರಮಾಣ ಸಾಮಾನ್ಯದ ಹತ್ತನೇ ಒಂದು ಭಾಗಕ್ಕಿಂತ ಕೆಳಗೆ ಹೋದರೆ ಮಾತ್ರ ಮಲದಲ್ಲಿ ಕೊಬ್ಬು ಕಾಣಿಸುತ್ತದೆ. ಗ್ರಂಥಿ ಹತ್ತರಲ್ಲಿ ಒಂಬತ್ತು ಪಾಲು ಕಳೆದುಕೊಂಡರೂ ಸಂಸಾರ ತೂಗಿಸುತ್ತದೆ. ಆಮೇಲೆ ಒಮ್ಮೆಗೇ ಕೂತುಬಿಡುತ್ತದೆ. ಇದರಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಹೊರಗಿನಿಂದ ಕೊಡುವ ಕಿಣ್ವ ಮೊದಲಿನ ಅಷ್ಟನ್ನೂ ತುಂಬಬೇಕಿಲ್ಲ. ಅದರ ಸಣ್ಣ ಪಾಲನ್ನು ಸರಿಯಾದ ಜಾಗಕ್ಕೆ ಮುಟ್ಟಿಸಿದರೂ ಆದೀತು.

ಜಾಗವೇ ತಪ್ಪಿದ್ದು

ಚಿಕ್ಕಪ್ಪನ ಔಷಧಿ ಕವರ್ ತರಿಸಿ ನೋಡಿದೆ. ಒಂದು ಕ್ಯಾಪ್ಸೂಲಿನಲ್ಲಿ 25,000 ಯುನಿಟ್ ಲೈಪೇಸ್. ಕವರ್ ಮೇಲೆ ಅಂಗಡಿಯವರು ಪೆನ್ನಿನಲ್ಲಿ ಬರೆದಿದ್ದರು: "1-1-1, ಊಟಕ್ಕೆ ಮುಂಚೆ". ಗ್ಯಾಸ್ಟ್ರಿಕ್ ಮಾತ್ರೆಗೆ ಬರೆಯುವ ಹಾಗೆ. ಚಿಕ್ಕಪ್ಪ ಶಿಸ್ತಿನ ಮನುಷ್ಯ. ಬೆಳಗ್ಗೆ ಏಳಕ್ಕೆ ಹಾಲಿನ ಜೊತೆ ತಗೊಂಡು ತೋಟಕ್ಕೆ ಹೋಗಿ, ಒಂಬತ್ತಕ್ಕೆ ಬಂದು ತಿಂಡಿ ತಿನ್ನುತ್ತಿದ್ದರು. ಮಧ್ಯಾಹ್ನ, ರಾತ್ರಿಯೂ ಅಷ್ಟೇ, ಮೊದಲು ಹಾಲು, ಒಂದು ಗಂಟೆ ಬಿಟ್ಟು ಊಟ.

ಆ ರಾಗಿ ಕಾಳಿನಂಥ ಉಂಡೆಗಳ ಮೇಲೆ ಒಂದು ಲೇಪವಿದೆ. ಹುಳಿಯಲ್ಲಿ ಅದು ಕರಗುವುದಿಲ್ಲ. ಪಿಎಚ್ ಎಂದರೆ ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಪಿಎಚ್ 5.5 ದಾಟಿದರೆ ಲೇಪ ಕರಗುತ್ತದೆ. ಜಠರದ ಹುಳಿಯನ್ನು ಹಾದು, ಸಣ್ಣ ಕರುಳಿಗೆ ಬಂದ ಮೇಲೆ ಬಿಚ್ಚಿಕೊಳ್ಳಲಿ ಎಂದು ಈ ಉಪಾಯ. ಯಾಕೆಂದರೆ ಪಿಎಚ್ 4ಕ್ಕಿಂತ ಕೆಳಗೆ ಲೈಪೇಸ್‌ನ ಮಡಿಕೆಗಳು ಕಳಚಿಹೋಗುತ್ತವೆ. 152, 176, 263 ಮತ್ತೆ ಒಂದೆಡೆ ಸೇರುವುದಿಲ್ಲ. ಬೆಂದ ಮೊಟ್ಟೆ ಮತ್ತೆ ಹಸಿಯಾಗದ ಹಾಗೆ.

ಹಾಲಿನ ಪಿಎಚ್ ಸುಮಾರು 6.7. ಚಿಕ್ಕಮ್ಮ ಹಾಲಿಗೆ ಹಾಕಿ ಕದಡಿದಾಗ ಉಂಡೆಗಳಿಗೆ ಅದು ಸಣ್ಣ ಕರುಳಿನಂತೆಯೇ ಕಂಡಿತು. ಲೇಪ ಕರಗಿತು. ಹಾಲು ಉಗುರು ಬೆಚ್ಚಗಿತ್ತು, ಅಂದರೆ ಮೈ ಬಿಸಿಯಷ್ಟೇ. ಕುದಿಯುವ ಹಾಲಾಗಿದ್ದರೆ ಕಿಣ್ವ ಅಲ್ಲೇ ಬೆಂದು ಹೋಗುತ್ತಿತ್ತು, ವಾಸನೆಯೂ ಬರುತ್ತಿರಲಿಲ್ಲ, ನಮಗೆ ಸುಳಿವೂ ಸಿಗುತ್ತಿರಲಿಲ್ಲ. ಹಾಲಿನಲ್ಲಿ ಕೊಬ್ಬು ಸಣ್ಣ ಸಣ್ಣ ಹನಿಯಾಗಿಯೇ ಇರುತ್ತದೆ. ಅಂಚು ಬೇಕಾದಷ್ಟಿದೆ. ಲೈಪೇಸ್ ಮುಚ್ಚಳ ತೆರೆದು ಕೆಲಸಕ್ಕೆ ಕೂತಿತು.

ವಾಸನೆಗೂ ಕಾರಣ ಇಲ್ಲೇ ಇದೆ. ಹಸು, ಎಮ್ಮೆ ಹಾಲಿನ ಕೊಬ್ಬಿನಲ್ಲಿ ಬ್ಯುಟಿರಿಕ್ ಆಮ್ಲ ಎಂಬ ಗಿಡ್ಡ ಬಾಲ ಇರುತ್ತದೆ. ಅದು ಹೆಚ್ಚುಕಡಿಮೆ ಯಾವಾಗಲೂ ಗ್ಲಿಸರಾಲಿನ ಮೂರನೇ ಜಾಗದಲ್ಲೇ, ಅಂದರೆ ಕೊನೆಯಲ್ಲೇ ಜೋತುಬಿದ್ದಿರುತ್ತದೆ. ಲೈಪೇಸ್ ಕತ್ತರಿಸುವುದೂ ಕೊನೆಯದನ್ನೇ. ಬಿಡುಗಡೆಯಾದ ಬ್ಯುಟಿರಿಕ್ ಆಮ್ಲ ಕಮಟಾದ ಬೆಣ್ಣೆಯ ವಾಸನೆ ಕೊಡುತ್ತದೆ. ಅದರ ಹೆಸರು ಹುಟ್ಟಿರುವುದೂ ಬೆಣ್ಣೆಯ ಲ್ಯಾಟಿನ್ ಹೆಸರಿನಿಂದ. ಚಿಕ್ಕಮ್ಮನ ಮೂಗು ಐದು ತಿಂಗಳಿಂದ ಪ್ರಯೋಗದ ಫಲಿತಾಂಶ ಓದುತ್ತಿತ್ತು. ಕೇಳುವವರು ಇರಲಿಲ್ಲ.

ಲೋಟದ ಹಾಲು ಹೊಟ್ಟೆಗಿಳಿದ ಮೇಲೆ ಲೇಪ ಕಳೆದುಕೊಂಡ ಕಿಣ್ವ ಖಾಲಿ ಜಠರದ ಹುಳಿಗೆ ಬಿದ್ದು ಸತ್ತಿತು. ಎರಡು ಗಂಟೆ ಬಿಟ್ಟು ತಿಂದ ತಿಂಡಿಯಲ್ಲಿದ್ದ ಕೊಬ್ಬಿಗೆ ಲೈಪೇಸ್ ಸಿಗಲೇ ಇಲ್ಲ. ಇಡೀ ಕ್ಯಾಪ್ಸೂಲು ನುಂಗಿದ್ದರೂ ಆ ಹೊತ್ತಿಗೆ ಉಪಯೋಗ ಅಷ್ಟಕ್ಕಷ್ಟೇ. ಕೊಬ್ಬಿನ ಹನಿ ಬರುವಾಗ ಕಿಣ್ವ ಅದರ ಜೊತೆಯಲ್ಲೇ ಇರಬೇಕು.

ಇಷ್ಟೆಲ್ಲ ಫೋನಿನಲ್ಲಿ ಹೇಳಿದರೆ ಚಿಕ್ಕಪ್ಪ ನಂಬುವವರಲ್ಲ. ಒಂದು ಶನಿವಾರ ಕಾಲೇಜಿನ ಲ್ಯಾಬಿಗೇ ಕರೆದುಕೊಂಡು ಬಂದೆ. ಹಳೆಯ ಪ್ರಯೋಗವೇ. ಹಾಲಿಗೆ ವಾಷಿಂಗ್ ಸೋಡಾ ದ್ರಾವಣ, ಎರಡು ಹನಿ ಫಿನಾಲ್ಫ್ತಲೀನ್. ಹಾಲು ಗುಲಾಬಿಯಾಗುತ್ತದೆ. ಕೊಬ್ಬಿನಾಮ್ಲ ಬಿಡುಗಡೆಯಾದರೆ ಸೋಡಾದ ಕ್ಷಾರಗುಣ ಕುಂದಿ ಬಣ್ಣ ಹೋಗುತ್ತದೆ. ಮೂರು ಟೆಸ್ಟ್ ಟ್ಯೂಬ್ ಇಟ್ಟೆ. ಮೊದಲನೆಯದಕ್ಕೆ ಅರೆದ ಉಂಡೆಗಳನ್ನು ನೇರವಾಗಿ ಹಾಕಿದೆ. ಎರಡನೆಯದಕ್ಕೆ ಅರೆದು, ಅರ್ಧ ಗಂಟೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಆಮ್ಲವನ್ನು ಸೋಡಾದಿಂದ ತಟಸ್ಥ ಮಾಡಿ ಹಾಕಿದೆ. ಮೂರನೆಯದಕ್ಕೆ ಅರೆಯದ ಇಡೀ ಉಂಡೆಗಳನ್ನು ಅದೇ ಆಮ್ಲದಲ್ಲಿ ಅರ್ಧ ಗಂಟೆ ನೆನೆಸಿ, ಸೋಸಿ ತೊಳೆದು ಹಾಕಿದೆ.

ಮೊದಲನೆಯದು ನೋಡುನೋಡುತ್ತ ಬಿಳಿಯಾಯಿತು. ಮೂರನೆಯದು ನಿಧಾನಿಸಿತು, ಉಂಡೆಗಳು ಕರಗಬೇಕಲ್ಲ, ಆದರೆ ಅದೂ ಬಿಳಿಯಾಯಿತು. ಎರಡನೆಯದು ಊಟದ ಬೆಲ್ ಹೊಡೆದರೂ ಗುಲಾಬಿಯಾಗಿಯೇ ಇತ್ತು. ಈ ಪುಡಿಯಲ್ಲಿ ಪ್ರೋಟೀನು ಕಡಿಯುವ ಕಿಣ್ವಗಳೂ ಇರುವುದರಿಂದ ಬಣ್ಣ ಹೋಗಿದ್ದರ ಪೂರಾ ಕೀರ್ತಿ ಲೈಪೇಸ್‌ಗೆ ಕೊಡಲಾಗದು ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಆಕ್ಷೇಪ ಎತ್ತಿದಳು. ಸರಿಯಾದ ಆಕ್ಷೇಪ. ಚಿಕ್ಕಮ್ಮ ಮೊದಲನೇ ಟ್ಯೂಬನ್ನು ಮೂಗಿನ ಹತ್ತಿರ ಹಿಡಿದು, "ಇದೇ ವಾಸನೆ" ಎಂದರು.

ಚಿಕ್ಕಪ್ಪ ಎರಡನೇ ಟ್ಯೂಬನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಹಂಗಾದ್ರೆ ಐದು ತಿಂಗಳು ನಾನು ಕುಡಿದಿದ್ದು ಇದನ್ನೇನೋ?"

"ಹೌದು ಚಿಕ್ಕಪ್ಪ."

ತಿದ್ದಿಕೊಂಡದ್ದು

ಡೋಸ್ ಬದಲಿಸಿದ್ದು ನಾನಲ್ಲ, ವೈದ್ಯರು. ನಾನು ಕವರ್ ಮತ್ತು ಹಾಲಿನ ಕಥೆಯನ್ನು ಅವರ ಮುಂದಿಟ್ಟೆ ಅಷ್ಟೇ. ದೊಡ್ಡ ಊಟಕ್ಕೆ ಒಂದರ ಬದಲು ಎರಡು ಕ್ಯಾಪ್ಸೂಲು. ಒಂದು ಮೊದಲ ತುತ್ತಿನ ಜೊತೆ, ಇನ್ನೊಂದು ಊಟದ ನಡುವೆ. ನುಂಗಲು ಆಗದಿದ್ದರೆ ಬಿಚ್ಚಿ, ಒಂದು ಚಮಚ ತಣ್ಣಗಿನ ಸೇಬಿನ ತಿರುಳಿನಲ್ಲಿ ಕಲಸಿ, ಅಗಿಯದೆ ನುಂಗಿ, ಮೇಲೆ ನೀರು ಕುಡಿಯುವುದು. ಸೇಬು ಹುಳಿ ಇರುವುದರಿಂದ ಲೇಪ ಉಳಿಯುತ್ತದೆ. ಜೊತೆಗೆ ಜಠರದ ಹುಳಿ ತಗ್ಗಿಸುವ ಮಾತ್ರೆಯೂ ಸೇರಿತು. ಸೋತ ಗ್ರಂಥಿ ಕಿಣ್ವದ ಜೊತೆಗೆ ಹುಳಿ ಮುರಿಯುವ ಬೈಕಾರ್ಬೊನೇಟನ್ನೂ ಕಡಿಮೆ ಸುರಿಸುತ್ತದೆ. ಕರುಳಿನ ಮೊದಲ ಭಾಗವೇ ಹುಳಿಯಾಗಿದ್ದರೆ ಲೇಪ ತಡವಾಗಿ ಕರಗುತ್ತದೆ, ಅಷ್ಟರಲ್ಲಿ ಊಟ ಮುಂದೆ ಹೋಗಿರುತ್ತದೆ.

ಇನ್ನೊಂದು ತಪ್ಪು ಮನೆಯವರೇ ಮಾಡಿದ್ದರು. ಎಣ್ಣೆ ಮಲ ಎಂದು ಕೇಳಿದ ದಿನದಿಂದ ತುಪ್ಪ, ಕಾಯಿ, ಕರಿದದ್ದು ಎಲ್ಲ ಬಂದ್. ಮಲ ಸ್ವಲ್ಪ ಸುಧಾರಿಸಿದಂತೆ ಕಂಡಿತು, ಮನುಷ್ಯ ಇನ್ನಷ್ಟು ಸೊರಗಿದರು. ವೈದ್ಯರು ತುಪ್ಪ ವಾಪಸ್ ಕೊಡಿಸಿದರು. ಕೊಬ್ಬು ಬಿಡುವುದಲ್ಲ, ಕೊಬ್ಬಿಗೆ ತಕ್ಕ ಕಿಣ್ವ ಕೊಡುವುದು.

ನಮ್ಮ ಕಾಲದ ಒಂದು ವಿಪರ್ಯಾಸವೂ ಹೇಳಿಬಿಡುತ್ತೇನೆ. ತೂಕ ಇಳಿಸಲು ಕೊಡುವ ಆರ್ಲಿಸ್ಟಾಟ್ ಎಂಬ ಔಷಧಿ ಇದೇ 152ನೇ ಸೆರಿನ್‌ಗೆ ಬೆಸೆದುಕೊಂಡು ಲೈಪೇಸನ್ನು ಕಟ್ಟಿಹಾಕುತ್ತದೆ. ಮಣ್ಣಿನ ಬ್ಯಾಕ್ಟೀರಿಯಾ ಒಂದು ತಯಾರಿಸುವ ವಸ್ತುವಿನಿಂದ ಅದು ಹುಟ್ಟಿತು, ಅಮೆರಿಕದಲ್ಲಿ 1999ರಲ್ಲಿ ಒಪ್ಪಿಗೆ ಪಡೆಯಿತು. ತಿಂದ ಕೊಬ್ಬಿನ ಸುಮಾರು ಮೂರನೇ ಒಂದು ಭಾಗ ಹಾಗೇ ಹೊರಗೆ ಹೋಗುತ್ತದೆ. ಅಡ್ಡಪರಿಣಾಮ ಏನೆಂದು ಕೇಳಿದರೆ ಎಣ್ಣೆ ಮಲ. ಚಿಕ್ಕಪ್ಪ ನಾಚಿ ಬಚ್ಚಿಟ್ಟದ್ದನ್ನು ಜನ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ.

ಎಲ್ಲ ಸರಿಹೋಗುವ ಹೊತ್ತಿಗೆ ಹೊಸ ತೊಡಕು ಬಂತು. ಚಿಕ್ಕಪ್ಪನ ಮಗಳು ಡಬ್ಬದ ಮೇಲಿನ ಸಣ್ಣ ಅಕ್ಷರ ಓದಿದಳು. ಕಿಣ್ವ ಬಂದಿರುವುದು ಹಂದಿಯ ಮೇದೋಜೀರಕದಿಂದ. ಆ ಮನೆಯಲ್ಲಿ ಮೊಟ್ಟೆಯನ್ನೂ ಬೇಯಿಸುವುದಿಲ್ಲ. ಇದನ್ನು ಮೊದಲೇ ಯಾರಾದರೂ ಹೇಳಬೇಕಿತ್ತು. ಹೇಳಿದರೆ ರೋಗಿ ಬೇಡ ಅನ್ನಬಹುದು ಎಂಬ ಭಯಕ್ಕೆ ಹೇಳದಿರುವುದು ನನಗೆ ಒಪ್ಪಿಗೆಯಿಲ್ಲ. ನಾನೂ ಗೊತ್ತಿದ್ದು ಬಾಯಿ ಮುಚ್ಚಿಕೊಂಡಿದ್ದೆ. ಅದಕ್ಕೂ ಸಮರ್ಥನೆ ಇಲ್ಲ.

"ಗಿಡದ್ದು, ಬೂಷ್ಟಿನದ್ದು ಏನೂ ಇಲ್ವಾ?" ಎಂದು ಚಿಕ್ಕಪ್ಪ ಕೇಳಿದರು. ಬೂಷ್ಟಿನ ಲೈಪೇಸ್ ಇದೆ. 1988ರಿಂದ ಬಟ್ಟೆ ಸೋಪಿನ ಪುಡಿಗಳಲ್ಲಿ ಬಳಕೆಯಲ್ಲಿದೆ, ಕಾಲರಿನ ಜಿಡ್ಡು ಬಿಡಿಸುವುದು ಅದೇ, ಅದಕ್ಕೂ ಮುಚ್ಚಳ ಇದೆ. ಆದರೆ ಈ ಕಾಯಿಲೆಗೆ ವರ್ಷಗಟ್ಟಲೆ ಪರೀಕ್ಷೆಯಾಗಿ ನಿಂತಿರುವುದು ಹಂದಿಯದ್ದು. ಅದರ ಲೈಪೇಸ್ ನಮ್ಮದಕ್ಕೆ ತೀರಾ ಹತ್ತಿರ, ಕೊಲೈಪೇಸ್ ಸಮೇತ ಬರುತ್ತದೆ. ಇಷ್ಟನ್ನೂ ಇದ್ದಂತೆ ಹೇಳಿದೆ. ತಗೊಳ್ಳಿ ಎಂದು ಒತ್ತಾಯಿಸಲಿಲ್ಲ.

ಎರಡು ದಿನ ಅವರು ಕ್ಯಾಪ್ಸೂಲು ಮುಟ್ಟಲಿಲ್ಲ. ಮೂರನೇ ದಿನ ಚಿಕ್ಕಮ್ಮ ಫೋನ್ ಮಾಡಿದರು. "ತಗೊಂಡ್ರಪ್ಪ. ದೇವರ ಕೋಣೆಗೆ ಹೋಗಿ ಬಂದು, ಆಮೇಲೆ ಊಟಕ್ಕೆ ಕೂತು ತಗೊಂಡ್ರು. ಏನಂದ್ರು ಅಂತ ಮಾತ್ರ ಹೇಳಲ್ಲ, ನನಗೂ ಹೇಳಿಲ್ಲ."

ಮೂರು ವಾರದಲ್ಲಿ ಮಲ ತೇಲುವುದು ನಿಂತಿತು. ನಾಲ್ಕು ತಿಂಗಳಿಗೆ ತೂಕ 56 ಕಿಲೋ. ಎ ಮತ್ತು ಡಿ ವಿಟಮಿನ್ ಬೇರೆಯಾಗಿ ಕೊಟ್ಟರು. ಸಂಜೆ ಈಗ ಟಾರ್ಚ್ ಇಲ್ಲದೆ ತೋಟದಿಂದ ಬರುತ್ತಾರೆ. ಕಲ್ಲುಗಳು ಹಾಗೇ ಇವೆ, ನೋವು ಆಗಾಗ ಬರುತ್ತದೆ, ಸಕ್ಕರೆಗೆ ಈಗ ಇನ್ಸುಲಿನ್ ನಡೆಯುತ್ತಿದೆ. ಲೈಪೇಸ್ ಇವ್ಯಾವುದನ್ನೂ ವಾಸಿ ಮಾಡುವುದಿಲ್ಲ.

ಯುಗಾದಿಗೆ ಹೋಗಿದ್ದೆ. ಎಲೆಯ ಮೇಲೆ ಹೋಳಿಗೆ, ಅದರ ಮೇಲೆ ತುಪ್ಪ. ಲೋಟದ ಪಕ್ಕ ಎರಡು ಕ್ಯಾಪ್ಸೂಲು. ಒಂದು ನುಂಗಿ ಊಟ ಶುರು ಮಾಡಿದರು. ಎರಡನೇ ಹೋಳಿಗೆ ಬಡಿಸುವಾಗ ಇನ್ನೊಂದು ನುಂಗಿದರು. ಚಿಕ್ಕಮ್ಮ ಮೂರನೇ ಹೋಳಿಗೆ ತಂದಾಗ ನನ್ನ ಕಡೆ ತಿರುಗಿದರು.

"ಇದಕ್ಕೂ ಒಂದು ಬೇಕೇನೋ?"

"ಡಾಕ್ಟ್ರನ್ನ ಕೇಳಿ ಚಿಕ್ಕಪ್ಪ."

"ಹಬ್ಬದ ದಿನ ಅವರು ಫೋನ್ ಎತ್ತಲ್ಲ" ಎಂದು ಹೇಳಿ, ಹೋಳಿಗೆಯಲ್ಲಿ ಅರ್ಧ ಮುರಿದು ನನ್ನ ಎಲೆಗೆ ಹಾಕಿದರು.